ಓದುಗರ ಪ್ರಶ್ನೆ: ‘ನಿಮಗದು ಹೇಗೆ ಗೊತ್ತು?’ ಎಂದು ಕೇಳುವುದೇ ಒಂದು ವೃತ್ತಿ

ಪ್ರಶ್ನೆ: ತತ್ತ್ವಶಾಸ್ತ್ರದಲ್ಲಿ ಎಂ.ಎ. ಕೊನೆಯ ವರ್ಷದಲ್ಲಿದ್ದೇನೆ. ಜ್ಞಾನಮೀಮಾಂಸೆ (ಅರಿವು ಎಂದರೇನು, ಅದು ನಮಗೆ ಹೇಗೆ ಬರುತ್ತದೆ ಎಂಬ ವಿಚಾರ) ಮತ್ತು ಧರ್ಮದ ತತ್ತ್ವಶಾಸ್ತ್ರ, ಇವೆರಡು ಕೂಡುವ ಕಡೆ ಸಂಶೋಧನೆ ಮಾಡಬೇಕೆಂದು ಆಸೆ. ಮನೆಯಲ್ಲಿ ಹೇಳಿದರೆ ದೊಡ್ಡಪ್ಪ, ‘ಹಾಗಾದರೆ ಮಠ ಸೇರುತ್ತೀಯೇನು?’ ಎಂದು ನಗುತ್ತಾರೆ. ಈ ವಿಷಯಗಳನ್ನು ಹಿಡಿದು ಒಬ್ಬ ಪ್ರಾಧ್ಯಾಪಕರು ಜೀವಮಾನವೆಲ್ಲ ಮಾಡುವುದಾದರೂ ಏನು? ಹೊರಗೆ ಅರ್ಜಿ ಹಾಕುವುದಾದರೆ ಸಂಸ್ಕೃತ ಬೇಕೆ?
– ವಿದ್ಯಾರ್ಥಿನಿ, ಧಾರವಾಡ

ಉತ್ತರ: ನಿಮ್ಮ ದೊಡ್ಡಪ್ಪನವರ ನಗೆಯಲ್ಲಿ ಅರ್ಧ ಸತ್ಯವಿದೆ. ಪೂರ್ವಪಕ್ಷವನ್ನು, ಅಂದರೆ ಎದುರು ವಾದವನ್ನು, ಎದುರಾಳಿಗಿಂತ ಚೆನ್ನಾಗಿ ಮಂಡಿಸಿ ಆಮೇಲೆ ಅದನ್ನು ಖಂಡಿಸುವ ಶಿಸ್ತು ನಮ್ಮ ಮಠಗಳ ವಾಕ್ಯಾರ್ಥ ಸಭೆಗಳಲ್ಲಿ (ಶಾಸ್ತ್ರಚರ್ಚೆಯ ಸಭೆಗಳಲ್ಲಿ) ಇಂದಿಗೂ ಉಳಿದಿದೆ, ಮತ್ತು ಈ ವೃತ್ತಿಯಲ್ಲಿ ದಿನನಿತ್ಯ ನಡೆಯುವುದೂ ಬಹುಮಟ್ಟಿಗೆ ಅದೇ. ಆದರೆ ವಿಶ್ವವಿದ್ಯಾಲಯದಲ್ಲಿ ಸಿದ್ಧಾಂತವು ಮೊದಲೇ ನಿಶ್ಚಯವಾಗಿರಬೇಕಿಲ್ಲ. ದೇವರಿದ್ದಾನೆ ಎನ್ನುವವರೂ ಇಲ್ಲ ಎನ್ನುವವರೂ ಒಂದೇ ವಿಭಾಗದಲ್ಲಿ ಅಕ್ಕಪಕ್ಕದ ಕೋಣೆಗಳಲ್ಲಿ ಕುಳಿತು ಒಬ್ಬರ ಲೇಖನವನ್ನು ಇನ್ನೊಬ್ಬರು ತಿದ್ದುತ್ತಾರೆ.

ಮಾತಿನಲ್ಲಿ ವಿವರಿಸುವ ಬದಲು ಒಬ್ಬರ ಬದುಕನ್ನೇ ತೆಗೆದುಕೊಳ್ಳೋಣ. ಈ ಎರಡು ವಿಷಯಗಳನ್ನು ಒಂದೇ ನೊಗಕ್ಕೆ ಕಟ್ಟಿ ಅರ್ಧ ಶತಮಾನ ಉತ್ತವರು ಅಮೆರಿಕದ ಆಲ್ವಿನ್ ಪ್ಲಾಂಟಿಂಗ. 1932ರಲ್ಲಿ ಮಿಷಿಗನ್ ರಾಜ್ಯದ ಆ್ಯನ್ ಆರ್ಬರ್‌ನಲ್ಲಿ, ನೆದರ್‌ಲೆಂಡ್ಸ್‌ನಿಂದ ವಲಸೆ ಬಂದ ಕ್ಯಾಲ್ವಿನ್ ಪಂಥದ ಕ್ರೈಸ್ತ ಮನೆತನದಲ್ಲಿ ಹುಟ್ಟಿದರು. ತಂದೆಯೂ ಅಧ್ಯಾಪಕರೇ. 1950ರಲ್ಲಿ ವಿದ್ಯಾರ್ಥಿವೇತನ ಗಳಿಸಿ ಹಾರ್ವರ್ಡ್ ಸೇರಿದ ಹುಡುಗ, ರಜೆಗೆ ಊರಿಗೆ ಬಂದಾಗ ಗ್ರ್ಯಾಂಡ್ ರ‍್ಯಾಪಿಡ್ಸ್‌ನ ಪುಟ್ಟ ಕ್ಯಾಲ್ವಿನ್ ಕಾಲೇಜಿನಲ್ಲಿ ಹ್ಯಾರಿ ಜೆಲ್ಲೆಮಾ ಎಂಬ ಮೇಷ್ಟರ ತರಗತಿಯಲ್ಲಿ ಹೋಗಿ ಕುಳಿತರು. ಕುಳಿತವರು ಹಾರ್ವರ್ಡನ್ನು ಬಿಟ್ಟು ಅಲ್ಲಿಗೇ ಬಂದುಬಿಟ್ಟರು. ಅಷ್ಟು ಮಹತ್ವದ, ಅಷ್ಟು ಒಳ್ಳೆಯ ನಿರ್ಧಾರವನ್ನು ತಾವು ಬೇರೆ ತೆಗೆದುಕೊಂಡದ್ದಿಲ್ಲವೆಂದು ಅವರು ಮುಂದೆ ಬರೆದುಕೊಂಡಿದ್ದಾರೆ. ಆ ವಯಸ್ಸಿನ ಮಗ ನಮ್ಮ ಮನೆಯಲ್ಲಿ ಹೀಗೆ ಮಾಡಿದ್ದರೆ ಏನಾಗುತ್ತಿತ್ತು ಎಂಬುದನ್ನು ನೀವೇ ಊಹಿಸಿಕೊಳ್ಳಿ.

ಯೇಲ್‌ನಲ್ಲಿ 1958ರಲ್ಲಿ ಡಾಕ್ಟರೇಟ್ ಮುಗಿಯಿತು. ಡೆಟ್ರಾಯಿಟ್‌ನ ವೇಯ್ನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಐದು ವರ್ಷ ಕಳೆದ ಮೇಲೆ 1963ರಿಂದ 1982ರವರೆಗೆ, ಅಂದರೆ ಹತ್ತೊಂಬತ್ತು ವರ್ಷ, ತಾವು ಓದಿದ ಅದೇ ಪದವಿ ಕಾಲೇಜಿನಲ್ಲಿ ಪಾಠ ಹೇಳಿದರು. ಅವರಿಗೆ ಹೆಸರು ತಂದುಕೊಟ್ಟ ಕೆಲಸದ ಬಹುಭಾಗ ನಡೆದದ್ದು ಅಲ್ಲಿಯೇ. ಪ್ರಥಮ ದರ್ಜೆ ಕಾಲೇಜಿಗೆ ನೇಮಕವಾದರೆ ಸಂಶೋಧನೆ ಮುಗಿದಂತೆ ಎಂದು ಕೊರಗುವ ನಮ್ಮ ತರುಣ ಅಧ್ಯಾಪಕರಿಗೆ ಇದನ್ನು ಹೇಳುವುದುಂಟು, ಆದರೆ ಪ್ಲಾಂಟಿಂಗ ಅವರ ವಾರದ ಪಾಠದ ಹೊರೆ ನಮ್ಮದರಷ್ಟು ಇರಲಿಲ್ಲವೆಂಬುದನ್ನೂ ಸೇರಿಸಿಯೇ ಹೇಳಬೇಕಾಗುತ್ತದೆ. 1982ರಿಂದ 2010ರವರೆಗೆ ಇಂಡಿಯಾನಾದ ನೋಟ್ರ ಡೇಮ್ ವಿಶ್ವವಿದ್ಯಾಲಯ. 2017ರಲ್ಲಿ, ಧರ್ಮ ಮತ್ತು ಅಧ್ಯಾತ್ಮದ ಚಿಂತನೆಗೆ ಕೊಡುವ ಟೆಂಪಲ್‌ಟನ್ ಪ್ರಶಸ್ತಿ.

ಇನ್ನು ಮಾಡಿದ ಕೆಲಸ. 1967ರ ಅವರ ಪುಸ್ತಕ ಶುರುವಾಗುವುದು ದೇವರಿಂದ, ಆದರೆ ಅದರ ತಿರುಳು ಇರುವುದು ಹಲ್ಲುನೋವಿನಂಥ ಒಂದು ಸಣ್ಣ ವಿಷಯದಲ್ಲಿ. ದಂತವೈದ್ಯರ ಬಾಗಿಲಲ್ಲಿ ನಿಮ್ಮ ಪಕ್ಕದ ಕುರ್ಚಿಯಲ್ಲಿ ಒಬ್ಬರು ಕೆನ್ನೆ ಹಿಡಿದುಕೊಂಡು ಕುಳಿತಿದ್ದಾರೆ ಎನ್ನಿ. ಅವರಿಗೆ ನೋವಾಗುತ್ತಿದೆ ಎಂದು ನಿಮಗೆ ಗೊತ್ತು. ಹೇಗೆ ಗೊತ್ತು? ಕಾಣುತ್ತಿರುವುದು ಕೈ, ಕೆನ್ನೆ, ಕಿವುಚಿದ ಮುಖ, ನೋವು ಕಾಣುವುದಿಲ್ಲ. ‘ನನಗೆ ನೋವಾದಾಗ ನಾನೂ ಹೀಗೆಯೇ ಕೂರುತ್ತೇನೆ, ಆದ್ದರಿಂದ ಅವರಿಗೂ ನೋವು’ ಎಂದು ಅನುಮಾನ (ಕಂಡದ್ದರಿಂದ ಕಾಣದ್ದನ್ನು ತರ್ಕಿಸಿ ತಿಳಿಯುವುದು) ಮಾಡಬಹುದು, ಆದರೆ ಒಂದೇ ಒಂದು ಮನಸ್ಸನ್ನು ಒಳಗಿನಿಂದ ಬಲ್ಲ ನಾವು ಲೋಕದ ಎಲ್ಲ ಮನಸ್ಸುಗಳಿಗೆ ಅದನ್ನು ಹಬ್ಬಿಸುವುದು ತೀರ ದುರ್ಬಲವಾದ ಅನುಮಾನ. ಇಷ್ಟಾದರೂ ಅವರಿಗೆ ಮನಸ್ಸೇ ಇಲ್ಲದಿರಬಹುದು ಎಂದು ಯಾರೂ ಸಂಶಯಪಟ್ಟು ಎದ್ದುಹೋಗುವುದಿಲ್ಲ. ಜಗತ್ತಿನ ರಚನೆಯನ್ನು ನೋಡಿ ರಚಿಸಿದವನನ್ನು ಊಹಿಸುವ ವಾದವೂ ಸರಿಯಾಗಿ ಇದೇ ಜಾಗದಲ್ಲಿ ಕುಂಟುತ್ತದೆ ಎಂದು ತೋರಿಸಿದ ಪ್ಲಾಂಟಿಂಗ, ಒಂದು ನಂಬಿಕೆ ವಿವೇಕಸಮ್ಮತವಾದರೆ ಇನ್ನೊಂದೂ ವಿವೇಕಸಮ್ಮತವೇ ಎಂಬ ತೀರ್ಮಾನಕ್ಕೆ ಬಂದರು. ಇಲ್ಲಿ ದೇವರಿದ್ದಾನೆ ಎಂದು ಸಾಧಿಸಿದಂತಾಗಲಿಲ್ಲ. ಸಾಧಿಸದೆಯೂ ನಂಬುವುದು ಅವಿವೇಕವಲ್ಲ ಎಂದಷ್ಟೇ ಆಯಿತು. ಈ ಎರಡರ ನಡುವಿನ ಅಂತರವನ್ನು ಬಿಡದೆ ಕಾಯುವುದೇ ಅವರ ಮುಂದಿನ ನಲವತ್ತು ವರ್ಷಗಳ ಕೆಲಸವಾಯಿತು.

1877ರಲ್ಲಿ ಇಂಗ್ಲೆಂಡಿನ ಗಣಿತಜ್ಞ ಕ್ಲಿಫರ್ಡ್, ಶಿಥಿಲವಾದ ಹಡಗಿಗೆ ‘ಏನೂ ಆಗುವುದಿಲ್ಲ’ ಎಂದು ತನಗೆ ತಾನೇ ನಂಬಿಸಿಕೊಂಡು ಅದರಲ್ಲಿ ವಲಸಿಗರನ್ನು ಕಳುಹಿಸಿದ ಮಾಲೀಕನ ಕಥೆ ಹೇಳಿ, ಸಾಕಷ್ಟು ಪುರಾವೆಯಿಲ್ಲದೆ ಏನನ್ನೂ ನಂಬುವುದು ಯಾರಿಗೂ ಯಾವಾಗಲೂ ತಪ್ಪು ಎಂದು ಸಾರಿದ್ದರು. ಈ ಬಗೆಯ ನಿಯಮಕ್ಕೆ 1983ರ ದೀರ್ಘ ಪ್ರಬಂಧವೊಂದರಲ್ಲಿ ಪ್ಲಾಂಟಿಂಗ ಉತ್ತರ ಕೊಟ್ಟರು. ಬೆಳಿಗ್ಗೆ ಉಪ್ಪಿಟ್ಟು ತಿಂದೆನೆಂದು ನಾನು ನಂಬುವುದು ತೊಳೆಯದ ತಟ್ಟೆಯನ್ನು ಪುರಾವೆಯಾಗಿ ಇಟ್ಟುಕೊಂಡಲ್ಲ, ನೆನಪಿರುವುದರಿಂದ. ನೆನಪೇ ನಂಬಲರ್ಹ ಎಂಬುದನ್ನು ನೆನಪಿನ ನೆರವಿಲ್ಲದೆ ಸಾಧಿಸಲು ಬರುವುದಿಲ್ಲ. ಹೀಗೆ ಬೇರೊಂದು ನಂಬಿಕೆಯ ಮೇಲೆ ನಿಲ್ಲದ, ಆದರೂ ತಪ್ಪಲ್ಲದ ಮೂಲ ನಂಬಿಕೆಗಳು ಇವೆ. ದೇವರ ಮೇಲಿನ ನಂಬಿಕೆಯೂ ಆ ಸಾಲಿನಲ್ಲಿ ಏಕೆ ಇರಬಾರದು ಎಂಬುದು ಅವರ ಪ್ರಶ್ನೆ. 1993ರಲ್ಲಿ ಎರಡು ಮತ್ತು 2000ದಲ್ಲಿ ಒಂದು ಸಂಪುಟವಾಗಿ ಬಂದ ಕೃತಿಗಳಲ್ಲಿ ಇದನ್ನು ‘ವಾರಂಟ್’ ಎಂಬ ಪರಿಕಲ್ಪನೆಯಾಗಿ ಬೆಳೆಸಿದರು. (ನಮ್ಮಲ್ಲಿ ಈ ಪದ ಕೇಳಿದರೆ ಪೊಲೀಸರು ನೆನಪಾಗುತ್ತಾರೆ, ಇಲ್ಲಿ ಅದರ ಅರ್ಥ, ಬರಿಯ ನಿಜವಾದ ನಂಬಿಕೆಯನ್ನು ಜ್ಞಾನದ ಮಟ್ಟಕ್ಕೆ ಏರಿಸುವ ಗುಣ.) ಸತ್ಯವನ್ನು ಹಿಡಿಯುವುದಕ್ಕೆಂದೇ ಇರುವ ನಮ್ಮ ಶಕ್ತಿಗಳು, ತಕ್ಕ ಪರಿಸರದಲ್ಲಿ, ಕೆಡದೆ ಕೆಲಸ ಮಾಡಿದಾಗ ಹುಟ್ಟುವ ನಂಬಿಕೆಗೆ ಆ ಗುಣವಿರುತ್ತದೆ.

ಕೇಡಿನ ಸಮಸ್ಯೆಯ ಮೇಲೆ ಅವರು ಬರೆದದ್ದು ಇದಕ್ಕಿಂತ ಹೆಚ್ಚು ಪ್ರಸಿದ್ಧ. ಸರ್ವಶಕ್ತನೂ ಒಳ್ಳೆಯವನೂ ಆದ ದೇವರು ಮತ್ತು ಕೇಡು ಒಟ್ಟಿಗೆ ಇರುವುದು ತರ್ಕವಿರುದ್ಧ ಎಂದು ತತ್ತ್ವಜ್ಞ ಜೆ.ಎಲ್. ಮ್ಯಾಕಿ 1955ರಲ್ಲಿ ವಾದಿಸಿದ್ದರು. ಸ್ವತಂತ್ರ ಇಚ್ಛೆಯುಳ್ಳ ಜೀವಿಗಳಿರುವ ಲೋಕವನ್ನು ಕೇಡಿಲ್ಲದೆ ಸೃಷ್ಟಿಸುವುದು ದೇವರಿಗೂ ಸಾಧ್ಯವಾಗದಿರಬಹುದು ಎಂಬ ಬರಿಯ ಸಂಭವವೇ ಆ ವಿರೋಧವನ್ನು ಕರಗಿಸಲು ಸಾಕು ಎಂದು ಪ್ಲಾಂಟಿಂಗ 1974ರಲ್ಲಿ ತೋರಿಸಿದ ಮೇಲೆ ಚರ್ಚೆ ಬೇರೆ ಹಾದಿ ಹಿಡಿಯಿತು: ಇನ್ನೊಬ್ಬ ತತ್ತ್ವಜ್ಞ ವಿಲಿಯಂ ರೋ 1979ರಲ್ಲಿ, ಕಾಳ್ಗಿಚ್ಚಿಗೆ ಸಿಕ್ಕಿ ಯಾರೂ ಕಾಣದಂತೆ ದಿನಗಟ್ಟಲೆ ನರಳಿ ಸಾಯುವ ಜಿಂಕೆಮರಿಯನ್ನು ಮುಂದಿಟ್ಟರು. ಆ ಜಿಂಕೆಮರಿಗೆ ಸ್ವತಂತ್ರ ಇಚ್ಛೆಯ ಉತ್ತರ ಸಾಲದು ಎಂದೇ ನನ್ನ ಅಭಿಪ್ರಾಯ.

ಸಂಸ್ಕೃತದ ಮಾತನ್ನು ಕೊನೆಯಲ್ಲಿ ಹೇಳುತ್ತೇನೆ.

ಪ್ರಶ್ನೆ: ಜ್ಞಾನದ ಲಕ್ಷಣವನ್ನು ಗೆಟಿಯರ್ ಎಂಬುವರು ಮೂರೇ ಪುಟದಲ್ಲಿ ಉರುಳಿಸಿದರೆಂದು ಓದಿದೆ. ‘ನಮ್ಮವರು ಇದನ್ನು ಸಾವಿರ ವರ್ಷದ ಹಿಂದೆಯೇ ಹೇಳಿದ್ದರು’ ಎಂದು ವಾಟ್ಸ್‌ಆ್ಯಪ್‌ನಲ್ಲಿ ಬಂದಿದೆ. ನಂಬಬಹುದೆ?
– ನಿವೃತ್ತ ಬ್ಯಾಂಕ್ ನೌಕರರು, ಶಿವಮೊಗ್ಗ

ಉತ್ತರ: ವಾಟ್ಸ್‌ಆ್ಯಪ್ ಈ ಸಲ ಪೂರ್ತಿ ತಪ್ಪಿಲ್ಲ. ಎಡ್ಮಂಡ್ ಗೆಟಿಯರ್, ಮೇಲೆ ಹೇಳಿದ ವೇಯ್ನ್ ಸ್ಟೇಟ್‌ನಲ್ಲಿ ಪ್ಲಾಂಟಿಂಗ ಅವರ ಸಹೋದ್ಯೋಗಿ. ಒಳ್ಳೆಯ ಕಾರಣವಿರುವ ನಿಜವಾದ ನಂಬಿಕೆಯೇ ಜ್ಞಾನ ಎಂಬ ಲಕ್ಷಣವನ್ನು (ವ್ಯಾಖ್ಯೆಯನ್ನು) ಪ್ರಶ್ನಿಸಿದ 1963ರ ಅವರ ಲೇಖನದ ಒಂದು ಉದಾಹರಣೆ ಹೀಗಿದೆ. ಸ್ಮಿತ್ ಮತ್ತು ಜೋನ್ಸ್ ಒಂದೇ ಕೆಲಸಕ್ಕೆ ಅರ್ಜಿ ಹಾಕಿದ್ದಾರೆ. ಕೆಲಸ ಜೋನ್ಸ್‌ಗೆ ಎಂದು ಕಂಪನಿಯ ಅಧ್ಯಕ್ಷರೇ ಸ್ಮಿತ್‌ಗೆ ಹೇಳಿದ್ದಾರೆ. ಜೋನ್ಸ್‌ನ ಜೇಬಿನ ಹತ್ತು ನಾಣ್ಯಗಳನ್ನು ಸ್ಮಿತ್ ಎಣಿಸಿಯೂ ನೋಡಿದ್ದಾನೆ. ‘ಕೆಲಸ ಸಿಗುವವನ ಜೇಬಿನಲ್ಲಿ ಹತ್ತು ನಾಣ್ಯಗಳಿವೆ’ ಎಂದು ಅವನು ತೀರ್ಮಾನಿಸುತ್ತಾನೆ. ಕೊನೆಗೆ ಕೆಲಸ ಸಿಕ್ಕಿದ್ದು ಸ್ಮಿತ್‌ಗೇ, ಮತ್ತು ಅವನಿಗೆ ತಿಳಿಯದಂತೆ ಅವನ ಜೇಬಿನಲ್ಲಿಯೂ ಇದ್ದದ್ದು ಹತ್ತೇ ನಾಣ್ಯ. ನಂಬಿಕೆಯಿದೆ, ಅದು ನಿಜವೂ ಆಗಿದೆ, ಅದಕ್ಕೆ ಒಳ್ಳೆಯ ಕಾರಣವೂ ಇತ್ತು. ಆದರೂ ಅವನಿಗೆ ಗೊತ್ತಿತ್ತು ಎನ್ನಲು ನಾಲಿಗೆ ಏಳುವುದಿಲ್ಲ.

ಎಂಟನೆಯ ಶತಮಾನದ ಬೌದ್ಧ ತಾರ್ಕಿಕ ಧರ್ಮೋತ್ತರನಲ್ಲಿ, ಮಾಂಸ ಸುಡಲು ಆಗತಾನೆ ಹೊತ್ತಿಸಿದ, ಇನ್ನೂ ಹೊಗೆಯೇಳದ ಬೆಂಕಿಯ ಮೇಲೆ ಮುತ್ತಿದ ಹುಳುಗಳ ಗುಂಪನ್ನು ದೂರದಿಂದ ಹೊಗೆಯೆಂದು ಭ್ರಮಿಸಿ, ‘ಅಲ್ಲಿ ಬೆಂಕಿಯಿದೆ’ ಎಂದುಕೊಳ್ಳುವವನ ಉದಾಹರಣೆ ಬರುತ್ತದೆ. ಹನ್ನೆರಡನೆಯ ಶತಮಾನದ ಶ್ರೀಹರ್ಷ, ಮುಷ್ಟಿಯಲ್ಲಿರುವ ಕವಡೆಗಳನ್ನು ಸುಮ್ಮನೆ ‘ಐದು’ ಎಂದು ಊಹಿಸಿ ಗೆದ್ದವನನ್ನು ತರುತ್ತಾನೆ. ಇದರಲ್ಲಿ ಕವಡೆಯ ಪ್ರಸಂಗ ಬರಿಯ ಅದೃಷ್ಟದ್ದು, ಅಲ್ಲಿ ಕಾರಣವೇ ಇಲ್ಲದಿರುವುದರಿಂದ ಗೆಟಿಯರ್‌ಗೆ ಸಮವಲ್ಲ. ಹೊಗೆಯ ಪ್ರಸಂಗ ಬಹಳ ಹತ್ತಿರದ್ದು. ಆದರೆ ಉದ್ದೇಶಗಳು ಬೇರೆ. ಗೆಟಿಯರ್ ಒಂದು ಲಕ್ಷಣದ ದೋಷವನ್ನು ತೋರಿಸಿ ಸುಮ್ಮನಾದರು. ಅದ್ವೈತಿಯಾದ ಶ್ರೀಹರ್ಷನಿಗೆ ನೈಯಾಯಿಕರ (ತರ್ಕಪ್ರಧಾನವಾದ ನ್ಯಾಯ ದರ್ಶನದವರ) ಯಾವ ಲಕ್ಷಣವೂ ನಿಲ್ಲದು ಎಂದು ತೋರಿಸಬೇಕಾಗಿತ್ತು. ‘ನಮ್ಮವರು ಮೊದಲೇ ಹೇಳಿದ್ದರು’ ಎಂಬ ಹೆಮ್ಮೆಯಲ್ಲಿ ಅವರು ಏತಕ್ಕಾಗಿ ಹೇಳಿದ್ದರು ಎಂಬುದು ಮರೆತುಹೋಗುತ್ತದೆ.

ಈ ಹೋಲಿಕೆಯನ್ನು ಇಂಗ್ಲಿಷಿನ ತತ್ತ್ವಜ್ಞರ ಮುಂದೆ ಗಂಭೀರವಾಗಿ ಇಟ್ಟವರಲ್ಲಿ ಪ್ರಮುಖರು ಬಿಮಲ್ ಕೃಷ್ಣ ಮತಿಲಾಲ್ (1935–1991). ಬಂಗಾಳದಲ್ಲಿ ಪಂಡಿತರ ಬಳಿ ನ್ಯಾಯ ದರ್ಶನ ಓದಿ, ಹಾರ್ವರ್ಡ್‌ನಲ್ಲಿ ಡಾಕ್ಟರೇಟ್ ಪಡೆದು, ಆಕ್ಸ್‌ಫರ್ಡ್‌ನ ಸ್ಪಾಲ್ಡಿಂಗ್ ಪ್ರಾಧ್ಯಾಪಕ ಪೀಠದಲ್ಲಿ ಕುಳಿತರು. ಆ ಪೀಠದಲ್ಲಿ ಮೊದಲು ಕುಳಿತವರು, 1918ರಿಂದ 1921ರವರೆಗೆ ನಮ್ಮ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಪಾಠ ಹೇಳಿದ್ದ ರಾಧಾಕೃಷ್ಣನ್.

ಪ್ರಶ್ನೆ: ಪುರಾವೆ ಬೇಡದ ‘ಮೂಲ ನಂಬಿಕೆ’ ಎಂದು ಒಬ್ಬರು ಹೇಳಿದರೆ, ನಮ್ಮೂರ ಹುಣಿಸೆಮರದ ದೆವ್ವವನ್ನು ನಂಬುವವರೂ ಅದನ್ನೇ ಹೇಳಬಹುದಲ್ಲವೆ? ಇದು ತತ್ತ್ವಶಾಸ್ತ್ರವೋ, ತಮ್ಮ ಮತದ ವಕಾಲತ್ತೋ?
– ಪ್ರೌಢಶಾಲಾ ಶಿಕ್ಷಕರು, ಹಾಸನ

ಉತ್ತರ: ಆಕ್ಷೇಪ ಸರಿಯಾದ ಜಾಗಕ್ಕೇ ಬಿದ್ದಿದೆ. ಇದನ್ನು ಪ್ಲಾಂಟಿಂಗ ತಾವೇ ಮುಂದಾಗಿ ಎತ್ತಿಕೊಂಡಿದ್ದರು. ಅವರ ಉದಾಹರಣೆಯಲ್ಲಿ ದೆವ್ವದ ಬದಲು, ಅಮೆರಿಕದ ಪತ್ರಿಕೆಗಳ ವ್ಯಂಗ್ಯಚಿತ್ರ ಮಾಲೆಯೊಂದರ ಹುಡುಗ ವರ್ಷವರ್ಷವೂ ಕಾಯುವ ಮಹಾ ಕುಂಬಳಕಾಯಿ ಇದೆ. ಅವರ ಉತ್ತರವೆಂದರೆ, ಎಲ್ಲಕ್ಕೂ ಹೊಂದುವ ಅಳತೆಗೋಲು ಕೈಯಲ್ಲಿಲ್ಲದ ಮಾತ್ರಕ್ಕೆ ಎಲ್ಲವನ್ನೂ ಒಪ್ಪಬೇಕಾಗಿಲ್ಲ. ಸ್ಪಷ್ಟವಾದ ಉದಾಹರಣೆಗಳನ್ನು ಕೂಡಿಸಿ ಅವುಗಳಿಂದ ಅಳತೆಗೋಲನ್ನು ಮಾಡಿಕೊಳ್ಳಬೇಕು. ಆದರೆ ಉದಾಹರಣೆಗಳನ್ನು ಆರಿಸುವುದು ಅವರವರ ಸಮುದಾಯವೇ ಆದಾಗ, ಹುಣಿಸೆಮರದವರ ಪಟ್ಟಿಯೂ ಒಂದು ಪಟ್ಟಿಯಾಗುತ್ತದೆ. ಅವರ ಕಟ್ಟಡದಲ್ಲಿ ನನಗೆ ಅತ್ಯಂತ ಸಡಿಲವಾಗಿ ಕಂಡ ಕಲ್ಲು ಇದೇ.

ವಕಾಲತ್ತು ಎಂಬ ಮಾತನ್ನು ಮಾತ್ರ ಒಪ್ಪಲಾರೆ. 2000ದ ಸಂಪುಟದಲ್ಲಿ ಅವರು ಹೇಳಿದ್ದು, ದೇವರಿದ್ದರೆ ಈ ನಂಬಿಕೆಗೆ ಬಹುಶಃ ವಾರಂಟ್ ಇದೆ, ಇಲ್ಲದಿದ್ದರೆ ಬಹುಶಃ ಇಲ್ಲ ಎಂದು. ಅದು ನಿಜವೇ ಎಂಬ ಕೊನೆಯ ಪ್ರಶ್ನೆ ತತ್ತ್ವಶಾಸ್ತ್ರದ ಅಳವಿಗೆ ಮೀರಿದ್ದು ಎಂದು ಒಪ್ಪಿಕೊಂಡೇ ಪುಸ್ತಕ ಮುಗಿಸಿದರು. ಕಕ್ಷಿದಾರನ ಪರ ನಿಂತ ವಕೀಲರು ಹೀಗೆ ಮುಗಿಸುವುದಿಲ್ಲ.

ನಮ್ಮ ಶಾಸ್ತ್ರಗಳ ಕಡೆಯಿಂದ ನೋಡಿದರೆ ಇಲ್ಲಿ ಇನ್ನೊಂದು ಸ್ವಾರಸ್ಯವಿದೆ. ಜ್ಞಾನವು, ತಪ್ಪೆಂದು ತೋರಿಸುವ ಬಾಧಕ ಬರುವವರೆಗೆ, ತಾನಾಗಿಯೇ ಪ್ರಮಾಣ (ನಂಬಲರ್ಹ) ಎಂಬ ಸ್ವತಃಪ್ರಾಮಾಣ್ಯವಾದ, ವೇದವಾಕ್ಯಗಳ ಅರ್ಥವಿಚಾರ ಮಾಡುವ ಮೀಮಾಂಸಕರದು. ನಮ್ಮ ಉಡುಪಿಯ ಮಧ್ವಾಚಾರ್ಯರು ಅದನ್ನು ಸಾಕ್ಷಿಯ (ಒಳಗಿನಿಂದ ನೇರವಾಗಿ ಅರಿಯುವ ಆತ್ಮಶಕ್ತಿಯ) ತತ್ತ್ವದೊಂದಿಗೆ ಬೆಸೆದು ಬೇರೆ ರೂಪ ಕೊಟ್ಟರು. ನೈಯಾಯಿಕರು ಇದನ್ನೊಪ್ಪದೆ ಪ್ರಾಮಾಣ್ಯಕ್ಕೆ ಹೊರಗಿನ ಪರೀಕ್ಷೆ ಬೇಕೆಂದರು. ಪ್ಲಾಂಟಿಂಗ ನಿಲ್ಲುವುದು ಮೊದಲಿನವರಿಗೆ ಹತ್ತಿರ. ಆದರೆ ಹೊರಗಿನ ಪರೀಕ್ಷೆ ಕೇಳಿದ ನೈಯಾಯಿಕರಲ್ಲಿಯೇ ಉದಯನ ಈಶ್ವರನನ್ನು ಅನುಮಾನದಿಂದ ಸಾಧಿಸಲು ಒಂದು ಗ್ರಂಥವನ್ನೇ ಬರೆದ. ಸ್ವತಃಪ್ರಾಮಾಣ್ಯವನ್ನು ಎತ್ತಿಹಿಡಿದ ಕುಮಾರಿಲ ಭಟ್ಟ ವೇದವನ್ನು ಉಳಿಸಿಕೊಂಡು ಸೃಷ್ಟಿಕರ್ತನನ್ನು ತಿರಸ್ಕರಿಸಿದ. ಜ್ಞಾನದ ಬಗ್ಗೆ ಒಬ್ಬರು ಹಿಡಿದ ಪಕ್ಷದಿಂದ ದೇವರ ಬಗ್ಗೆ ಅವರು ಏನು ಹೇಳಿಯಾರು ಎಂದು ಊಹಿಸಲು ಹೊರಟರೆ ಹೀಗೆ ಎಡವುತ್ತೇವೆ.

ಇನ್ನು ಧಾರವಾಡದ ವಿದ್ಯಾರ್ಥಿನಿಯ ಸಂಸ್ಕೃತದ ಪ್ರಶ್ನೆ. ಪ್ಲಾಂಟಿಂಗ ಅವರ ಬಗೆಯ ಕೆಲಸಕ್ಕೆ ಸಂಸ್ಕೃತ ಬೇಕಿಲ್ಲ, ಆಧುನಿಕ ತರ್ಕಶಾಸ್ತ್ರ ಬೇಕೇ ಬೇಕು. ಮತಿಲಾಲರ ದಾರಿಯಲ್ಲಿ ಹೋಗುವುದಾದರೆ ಎರಡೂ ಬೇಕು, ಮತ್ತು ಶಿಷ್ಯರನ್ನು ಕೂರಿಸಿಕೊಂಡು ಮೂಲಗ್ರಂಥವನ್ನು ಪಂಕ್ತಿಪಂಕ್ತಿಯಾಗಿ ಪಾಠ ಹೇಳುವ ಪಂಡಿತರು ಇನ್ನೂ ಸಿಗುವ ನಾಡಿನಲ್ಲಿರುವುದು ನಿಮ್ಮ ಲಾಭ. ಇಲ್ಲಿಯೇ ಸಂಶೋಧನೆ ಮಾಡುವುದಾದರೆ ನೆಟ್ ಪರೀಕ್ಷೆಯ ಮೂಲಕ ಸಿಗುವ ಸಂಶೋಧನಾ ವೇತನ ಜೆ.ಆರ್.ಎಫ್. ಇದೆ, ಭಾರತೀಯ ತತ್ತ್ವಶಾಸ್ತ್ರ ಸಂಶೋಧನಾ ಮಂಡಳಿಯ ಫೆಲೋಶಿಪ್ ಇದೆ. ಅಮೆರಿಕಕ್ಕೆ ಅರ್ಜಿ ಹಾಕುವುದಾದರೆ ಅಂಕಪಟ್ಟಿಗಿಂತ ಹೆಚ್ಚಾಗಿ ನೋಡುವುದು ಲಗತ್ತಿಸಬೇಕಾದ ಬರಹದ ಮಾದರಿಯನ್ನು. ಇಪ್ಪತ್ತು ಪುಟ ಮೀರದಂತೆ ಒಂದೇ ವಾದವನ್ನು ಹಿಡಿದು ಈಗಲೇ ಬರೆಯಲು ತೊಡಗಿ; ರೋ ಅವರ ಜಿಂಕೆಮರಿ ಒಳ್ಳೆಯ ವಿಷಯ. ಮೊದಲ ಕರಡನ್ನು ನಿಮ್ಮ ದೊಡ್ಡಪ್ಪನವರಿಗೆ ಕನ್ನಡದಲ್ಲಿ ಹೇಳಿನೋಡಿ, ಅವರು ನಕ್ಕು ತೆಗೆಯುವ ಆಕ್ಷೇಪವನ್ನು ಎರಡನೆಯ ಕರಡಿನ ಪೂರ್ವಪಕ್ಷಕ್ಕೆ ಸೇರಿಸಿಕೊಳ್ಳಿ.