ಕಾರ್ಪೆಟ್ ಒದ್ದೆ, ಮುಚ್ಚಳದಲ್ಲಿ ಮಜ್ಜಿಗೆ

ಪ್ರಶ್ನೆ: ನಾನು ಸೋಮವಾರಪೇಟೆ ಸಮೀಪದ ಶಾಲೆಯೊಂದರಲ್ಲಿ ಶಿಕ್ಷಕಿ. ಕಳೆದ ವರ್ಷ ನೆಂಟರಿಂದ 2011ರ ಪೆಟ್ರೋಲ್ ಕಾರು ಕೊಂಡೆವು. ಓಡಿರುವುದು 78,000 ಕಿ.ಮೀ. ಮನೆಯಿಂದ ಶಾಲೆಗೆ 4 ಕಿ.ಮೀ., ಬೇರೆಲ್ಲೂ ಹೆಚ್ಚು ಓಡಿಸುವುದಿಲ್ಲ. ಮಳೆ ಹಿಡಿದ ಮೇಲೆ ಮುಂದಿನ ಎಡ ಸೀಟಿನ ಕಾಲಡಿ ಒದ್ದೆಯಾಗಿ ಮುಗ್ಗಲು ವಾಸನೆ ಬರುತ್ತಿದೆ. ಇಂಜಿನ್ ಆಯಿಲ್ ಮುಚ್ಚಳ ತೆಗೆದರೆ ಅದರ ಒಳಗೆ ಮಜ್ಜಿಗೆಯಂತಹ ಬಿಳಿ ನೊರೆ. ಗ್ಯಾರೇಜಿನವರು ಹೆಡ್ ಗ್ಯಾಸ್ಕೆಟ್ ಹೋಗಿದೆ, ಇಂಜಿನ್ ಬಿಚ್ಚಬೇಕು ಎನ್ನುತ್ತಾರೆ. ಕೈಲ್ ಮುಹೂರ್ತಕ್ಕೆ ತವರಿಗೆ ಹೋಗಬೇಕು. ಬಿಚ್ಚಿಸಲೇ?

ಉತ್ತರ: ಈಗಲೇ ಬೇಡ ಟೀಚರ್. ಹೆಡ್ ಗ್ಯಾಸ್ಕೆಟ್ ಎಂದರೆ ಇಂಜಿನ್ನಿನ ತಲೆಭಾಗಕ್ಕೂ ಬುಡಕ್ಕೂ ನಡುವೆ ಕೂರುವ ಹಾಳೆ; ಅದು ಹೋದರೆ ಕೂಲೆಂಟ್ (ಇಂಜಿನ್ ತಣಿಸುವ ದ್ರವ) ಆಯಿಲ್‌ಗೆ ಸೇರಿ ಇಂಥ ನೊರೆ ಬರುವುದು ನಿಜ. ಆದರೆ ನಿಮ್ಮ ಪತ್ರದಲ್ಲಿ ನನಗೆ ಮುಖ್ಯವಾಗಿ ಕಂಡದ್ದು ಆ ನೊರೆಯಲ್ಲ, 4 ಕಿ.ಮೀ. ಎಂಬ ಲೆಕ್ಕ. ಪೆಟ್ರೋಲ್ ಉರಿದಾಗ ನೀರಿನ ಆವಿಯೂ ಹುಟ್ಟುತ್ತದೆ. ಅದರಲ್ಲಿ ಸ್ವಲ್ಪ ಪಿಸ್ಟನ್ ಸಂದಿಯಿಂದ ಇಂಜಿನ್ನಿನ ಒಳಕ್ಕೂ ಇಳಿಯುತ್ತದೆ. ಇಂಜಿನ್ ಚೆನ್ನಾಗಿ ಕಾದರೆ ಆವಿ ಹೊರಬೀಳುತ್ತದೆ. ಆಟಿ ತಿಂಗಳ ಮಂಜಿನಲ್ಲಿ 4 ಕಿ.ಮೀ. ಓಡಿದ ಇಂಜಿನ್ ಕಾಯುವಷ್ಟರಲ್ಲಿ ಶಾಲೆಯ ಗೇಟು ಬಂದಿರುತ್ತದೆ. ಆವಿ ತಣ್ಣನೆಯ ಮುಚ್ಚಳಕ್ಕೆ ತಾಗಿ ನೀರಾಗಿ, ಆಯಿಲ್ ಜೊತೆ ಕಡೆದುಕೊಂಡು ಮಜ್ಜಿಗೆಯಾಗುತ್ತದೆ. ನಮ್ಮ ಮಳೆಗಾಲದಲ್ಲಿ ಇದನ್ನು ಎಷ್ಟು ಕಾರುಗಳಲ್ಲಿ ನೋಡಿದ್ದೇನೋ ಲೆಕ್ಕವಿಲ್ಲ.

ನಿಜವಾಗಿ ಗ್ಯಾಸ್ಕೆಟ್ ಹೋಗಿದೆಯೇ ಎಂದು ತಿಳಿಯಲು ಬೆಳಿಗ್ಗೆ ಇಂಜಿನ್ ತಣ್ಣಗಿರುವಾಗ ಆಯಿಲ್ ಕಡ್ಡಿಯನ್ನು ಎಳೆದು ನೋಡಿ. ಕಡ್ಡಿಯ ತುದಿಯಲ್ಲಿ ಆಯಿಲ್ ಜೇನಿನ ಬಣ್ಣವೋ ಕಪ್ಪೋ ಆಗಿದ್ದರೆ ಸರಿ. ಹಾಲು ಬೆರೆಸಿದ ಕಾಫಿಯಂತಿದ್ದರೆ ಕಾರು ಓಡಿಸಬೇಡಿ. ಹಾಗೆಯೇ ಕೂಲೆಂಟ್ ಬಾಟಲಿಯ ಮಟ್ಟಕ್ಕೆ ಪೆನ್ನಿನಲ್ಲಿ ಗೆರೆ ಹಾಕಿ ಒಂದು ವಾರ ಗಮನಿಸಿ. ಗೆರೆ ಕದಲದಿದ್ದರೆ, ತಾಪದ ಮುಳ್ಳು ನಡುವೆಯೇ ನಿಂತಿದ್ದರೆ, ಕಾದ ಮೇಲೂ ಸೈಲೆನ್ಸರ್‌ನಿಂದ ಬಿಳಿ ಹೊಗೆ ಬರದಿದ್ದರೆ ಇಂಜಿನ್ ಬಿಚ್ಚಲು ಕಾರಣವಿಲ್ಲ. ಮುಚ್ಚಳ ಒರೆಸಿ, ಆಯಿಲ್ ಬದಲಾಯಿಸಿ, ವಾರಕ್ಕೊಮ್ಮೆ ಕುಶಾಲನಗರದ ಕಡೆಗೆ ಹೋಗಿಬನ್ನಿ. ನಿಮ್ಮಂತೆ ಓಡಿಸುವವರು ಆಯಿಲ್ ಬದಲಾಯಿಸಲು ಕಿಲೋಮೀಟರ್ ನೋಡಬಾರದು, ತಿಂಗಳು ನೋಡಬೇಕು. ಆರು ತಿಂಗಳಿಗೊಮ್ಮೆ ಸಾಕು.

ಇನ್ನು ಕಾಲಡಿಯ ನೀರು. ಅದನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಉಜ್ಜಿ ನೋಡಿ. ಜಾರಿದರೆ, ಬಣ್ಣವಿದ್ದರೆ, ಸಿಹಿ ವಾಸನೆ ಬಂದರೆ ಅದು ಕೂಲೆಂಟ್. ಹಾಗಾದರೆ ಡ್ಯಾಶ್‌ಬೋರ್ಡಿನ ಒಳಗಿನ ಹೀಟರ್ ಸೋರುತ್ತಿದೆ. ಬಾಯಿಗೆ ಮಾತ್ರ ಹಚ್ಚಬೇಡಿ, ಅದು ವಿಷ; ಸಿಹಿ ಎಂದು ನಾಯಿ ಬೆಕ್ಕು ನೆಕ್ಕಿ ಸಾಯುವುದುಂಟು. ತಿಳಿ ನೀರಾಗಿದ್ದು, ಗಾಜಿನ ಮಂಜು ಬಿಡಿಸಲು ಎಸಿ ಹಾಕಿದ ದಿನ ಮಾತ್ರ ಬಂದರೆ ಎಸಿ ನೀರಿನ ಪೈಪ್ ಕಟ್ಟಿದೆ. ಎಸಿ ಹಾಕದಿದ್ದರೂ ಮಳೆ ಬಂದಾಗಲೆಲ್ಲ ಬಂದರೆ, ನನ್ನ ಸಂಶಯ ವೈಪರ್ ಕೆಳಗಿನ ಕಪ್ಪು ಜಾಲರಿಯ ಮೇಲೆ.

ಅದರ ಅಡಿಯಲ್ಲಿ ಮಳೆನೀರು ಹರಿದುಹೋಗಲು ಒಂದು ದೋಣಿ, ಅದರ ತುದಿಯಲ್ಲಿ ತೂತು ಇರುತ್ತದೆ. ತೋಟದ ನೆರಳಲ್ಲಿ ನಿಲ್ಲುವ ಕಾರಿಗೆ ಸಿಲ್ವರ್ ಓಕ್ ಮರವೇ ಶತ್ರು. ಅದರ ಸೀಳು ಸೀಳಾದ ಎಲೆ ಒಂದೊಂದೇ ಜಾಲರಿಯೊಳಗೆ ಜಾರಿ, ಕೊಳೆತು, ತೂತಿಗೆ ಬಿರಡೆಯಾಗುತ್ತದೆ. ನೀರು ತುಂಬಿ ಗಾಳಿ ಬರುವ ದಾರಿಯಿಂದ ಒಳಕ್ಕೆ ನುಗ್ಗುತ್ತದೆ. ಹೋದ ವರ್ಷ ಒಂದು ಕಾರಿನ ದೋಣಿಯಿಂದ ನಾನು ಅರ್ಧ ಬಕೆಟ್ ಗೊಬ್ಬರ ತೆಗೆದೆ. ಅದರಲ್ಲಿ ಹಕ್ಕಿ ಹಾಕಿದ ಬೀಜದಿಂದ ಎದ್ದ ಬಸರಿ ಗಿಡ ಎರಡು ಎಲೆ ಬಿಟ್ಟಿತ್ತು. ಮಾಲೀಕರು ಅದನ್ನು ಕೀಳಲು ಬಿಡದೆ ಕುಂಡಕ್ಕೆ ಹಾಕಿಕೊಂಡು ಹೋದರು.

ತೂತು ಬಿಡಿಸಿದರೆ ಕೆಲಸ ಮುಗಿಯಲಿಲ್ಲ. ಕಾರ್ಪೆಟ್ ಮೇಲೆ ಒಣಗಿದಂತೆ ಕಂಡರೂ ಅಡಿಯ ಸ್ಪಂಜು ನೀರು ಹಿಡಿದುಕೊಂಡೇ ಇರುತ್ತದೆ. ಸೀಟು ಬಿಚ್ಚಿಸಿ, ಕಾರ್ಪೆಟ್ ತೆಗೆಸಿ. ಬಟ್ಟೆಯೇ ಒಣಗದ ತಿಂಗಳಲ್ಲಿ ಅದನ್ನೆಲ್ಲಿ ಒಣಗಿಸುವುದು ಎಂದು ಕೇಳಬೇಡಿ, ಬಚ್ಚಲೊಲೆಯ ಹತ್ತಿರ ಕಿಡಿ ತಾಗದಷ್ಟು ದೂರದಲ್ಲಿ ನಾಲ್ಕು ದಿನ ಕಟ್ಟಿ. ಅಷ್ಟರಲ್ಲಿ ಬರಿಯ ತಗಡನ್ನು ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟುತ್ತ ಹೋಗಿ. ಗಟ್ಟಿ ಸದ್ದು ಬಂದರೆ ಸರಿ, ಬಿಸ್ಕತ್ತು ಮುರಿದ ಹಾಗೆ ಸದ್ದು ಬಂದ ಕಡೆ ತುಕ್ಕು ತಿಂದಿದೆ, ಟಿಂಕರಿಂಗ್ ಆಗಲೇಬೇಕು. 78,000 ಕಿ.ಮೀ. ಇಂಜಿನ್ನಿಗೆ ದೊಡ್ಡ ವಯಸ್ಸಲ್ಲ. ನಮ್ಮ ಜಿಲ್ಲೆಯ ಕಾರನ್ನು ಮೊದಲು ಕೊಲ್ಲುವುದು ನೀರು.

ಪ್ರಶ್ನೆ: 15 ವರ್ಷ ತುಂಬುತ್ತಿರುವ ಕೆಎ-12 ನೋಂದಣಿಯ ಕಾರನ್ನು ಇಟ್ಟುಕೊಳ್ಳಬಹುದೇ? (ಮಡಿಕೇರಿಯ ನಿವೃತ್ತ ನೌಕರರು)

ಉತ್ತರ: ಇಟ್ಟುಕೊಳ್ಳಬಹುದು. ಅವಧಿ ಮುಗಿಯುವ ಹಿಂದಿನ 60 ದಿನಗಳೊಳಗೆ ಫಾರಂ 25ರಲ್ಲಿ ಅರ್ಜಿ ಹಾಕಿ ಕಾರನ್ನು ತಪಾಸಣೆಗೆ ಒಪ್ಪಿಸಬೇಕು. ಪಾಸಾದರೆ ನೋಂದಣಿ 5 ವರ್ಷಕ್ಕೆ ಮುಂದುವರಿಯುತ್ತದೆ. 600 ರೂಪಾಯಿ ಇದ್ದ ನವೀಕರಣ ಶುಲ್ಕವನ್ನು 2022ರ ಏಪ್ರಿಲ್‌ನಿಂದ 5,000 ರೂಪಾಯಿಗೆ ಏರಿಸಿದ್ದಾರೆ. ಹಸಿರು ತೆರಿಗೆ ಬೇರೆ. ಟೈರಿನ ಹಲ್ಲು ಸವೆದು ಅದರ ಆಳ 1.6 ಮಿ.ಮೀ.ಗಿಂತ ಕಡಿಮೆಯಾಗಿದ್ದರೆ ಮೊದಲು ಅದನ್ನು ಬದಲಾಯಿಸಿ.

ಪ್ರಶ್ನೆ: ಮಡಿಕೇರಿಯಿಂದ ಸಂಪಾಜೆಗೆ ಇಳಿಯುವಾಗ ಬ್ರೇಕ್ ಪೆಡಲ್ ನೆಲದವರೆಗೆ ಹೋಯಿತು. ಅರ್ಧ ಗಂಟೆ ನಿಲ್ಲಿಸಿದ ಮೇಲೆ ಮೊದಲಿನಂತಾಯಿತು. ಗ್ಯಾರೇಜಿನಲ್ಲಿ ದೋಷವಿಲ್ಲ ಎಂದರು.

ಉತ್ತರ: ತಣ್ಣಗಾದ ಮೇಲೆ ತೋರಿಸಿದರೆ ದೋಷ ಎಲ್ಲಿ ಕಾಣುತ್ತದೆ? ಬ್ರೇಕ್ ಎಣ್ಣೆ ಗಾಳಿಯ ತೇವವನ್ನು ಹೀರುತ್ತದೆ. ಹೊಸ ಡಾಟ್ 3 ದರ್ಜೆಯ ಬ್ರೇಕ್ ಎಣ್ಣೆ ಕನಿಷ್ಠ 205 ಡಿಗ್ರಿಯವರೆಗೆ ಕುದಿಯುವುದಿಲ್ಲ. ತೇವ ಹೀರಿದ ಮೇಲೆ ಆ ಮಿತಿ 140ಕ್ಕೆ ಇಳಿಯುತ್ತದೆ. ಇಳಿಜಾರಿನ ಉದ್ದಕ್ಕೂ ಪೆಡಲ್ ಒತ್ತಿಕೊಂಡೇ ಬಂದಿರಿ, ಎಣ್ಣೆ ಕುದಿದು ಆವಿಯಾಯಿತು. ಎಣ್ಣೆಯನ್ನು ಅದುಮಲಾಗದು, ಆವಿಯನ್ನು ಅದುಮಬಹುದು. ಪೆಡಲ್ ಕೆಳಗಿಳಿದದ್ದು ಅದಕ್ಕೇ. ಎಣ್ಣೆಯನ್ನು ಪೂರ್ತಿ ಬದಲಾಯಿಸಿ, ಪ್ರತಿ ಚಕ್ರದ ಬ್ರೇಕಿನೊಳಗೆ ಸೇರಿದ ಗಾಳಿ ತೆಗೆಸಿ, ಮುಂದೆ ಎರಡು ವರ್ಷಕ್ಕೊಮ್ಮೆ ಮಾಡಿಸುತ್ತಿರಿ. ಘಾಟಿಯನ್ನು ಎರಡನೇ ಗೇರಿನಲ್ಲಿ ಇಳಿಯಿರಿ. ಪೆಟ್ರೋಲ್ ಉಳಿಯುತ್ತದೆಂದು ನ್ಯೂಟ್ರಲ್‌ನಲ್ಲಿ ಇಳಿಸುವ ಚಾಳಿ ನಿಮಗಿದೆಯೆಂದು ಪತ್ರದ ಕೊನೆಯ ಸಾಲಿನಿಂದ ತಿಳಿಯಿತು. ಈಗಿನ ಕಾರು ಗೇರಿನಲ್ಲಿದ್ದು ನೀವು ಆಕ್ಸಿಲರೇಟರ್ ಬಿಟ್ಟರೆ ಇಂಜಿನ್ನಿಗೆ ಪೆಟ್ರೋಲ್ ಹೋಗುವುದೇ ನಿಲ್ಲುತ್ತದೆ. ನ್ಯೂಟ್ರಲ್‌ನಲ್ಲಿ ಇಂಜಿನ್ ಸುಮ್ಮನೆ ತಿರುಗಲು ಪೆಟ್ರೋಲ್ ಕುಡಿಯುತ್ತಲೇ ಇರುತ್ತದೆ.