ದೊಡ್ಡಪ್ಪನ ಟ್ರಂಕಿನಲ್ಲಿ ಸಿಕ್ಕಿದ ಉಕ್ಕಿನ ಸಾಮಾನು

ಮಲ್ಲೇಶ್ವರದ ಓದುಗರೊಬ್ಬರು ಬರೆಯುತ್ತಾರೆ: "ನಮ್ಮ ದೊಡ್ಡಪ್ಪ ಹೋದ ವರ್ಷ ತೀರಿಕೊಂಡರು. ಅವರ ಟ್ರಂಕಿನಲ್ಲಿ ಖಾಕಿ ಬಟ್ಟೆ ಸುತ್ತಿಟ್ಟ ಒಂದು ಉಕ್ಕಿನ ಸಾಮಾನು ಸಿಕ್ಕಿತು. ಅಡಿಗಿಂತ ಚಿಕ್ಕದು, ಕಿರಿದಾದ ಟ್ರೇ ಥರ ಇದೆ. ಮೂರು ಕಡೆ ಅಂಚು, ಒಂದು ಉದ್ದದ ಕಡೆ ಬಯಲು. ಒಳಗೊಂದು ಜಾರುವ ತುಂಡು, ಅದನ್ನು ಬಿಗಿಮಾಡಲು ಸಣ್ಣ ಹಿಡಿ. ತುಕ್ಕು ಹಿಡಿದು ಅಲುಗಾಡುವುದಿಲ್ಲ. ಆ ತುಂಡಿಗೂ ಕೊನೆಯ ಅಂಚಿಗೂ ನಡುವೆ ಎರಡು ಇಂಚು ಜಾಗ. ಅಂಚಿನ ಮೇಲೆ 5, 10, 15 ಅಂತ 45ರ ತನಕ ಗೆರೆಗಳಿವೆ. ಇಂಚೂ ಅಲ್ಲ, ಸೆಂಟಿಮೀಟರೂ ಅಲ್ಲ. ಜೊತೆಗೆ ಒಂದು ಮೂಲೆಯಲ್ಲಿ ಮೂಗಿನಂತೆ ಚಾಚಿದ ತೆಳ್ಳನೆ ಹಿತ್ತಾಳೆ ಪಟ್ಟಿ. ಪಕ್ಕದ ಮನೆಯವರು ಇದು ಅಕ್ಕಸಾಲಿಗರದ್ದು ಅಂತಾರೆ, ನನ್ನ ಮಗ ವರ್ನಿಯರ್ ಅಂತಾನೆ. ದೊಡ್ಡಪ್ಪ ಚಾಮರಾಜಪೇಟೆಯಲ್ಲಿ ಕೆಲಸಕ್ಕಿದ್ದರು ಅಂತಷ್ಟೇ ನನಗೆ ಗೊತ್ತು. ಪೇಪರನ್ನು ತಲೆಕೆಳಗಾಗಿ ಹಿಡಿದು ಗಡಗಡ ಓದಿ ನಮ್ಮನ್ನು ನಗಿಸುತ್ತಿದ್ದರು. ಇದೇನು? ತೊಳೆಯಬಹುದಾ? ಮಾರಿದರೆ ಏನಾದರೂ ಬರುತ್ತಾ?"

ಸಂಪಾದಕರ ಉತ್ತರ:

ನೀವು ಸುಮ್ನೆ ಸೇರಿಸಿದ ಹಾಗೆ ಬರೆದ ಆ ತಲೆಕೆಳಗಾದ ಪೇಪರಿನ ಮಾತೊಂದೇ ಸಾಕಿತ್ತು. ನಿಮ್ಮ ದೊಡ್ಡಪ್ಪ ಅಚ್ಚುಮೊಳೆ, ಅಂದರೆ ತುದಿಯಲ್ಲಿ ಅಕ್ಷರವಿರುವ ಸೀಸದ ಸಣ್ಣ ಕಡ್ಡಿ, ಜೋಡಿಸುತ್ತಿದ್ದ ಕಂಪೋಸಿಟರ್. ನಿಮ್ಮ ಕೈಯಲ್ಲಿರುವುದು ಅವರ ಕಂಪೋಸಿಂಗ್ ಸ್ಟಿಕ್. ಪ್ರೆಸ್ಸಿನವರ ಬಾಯಲ್ಲಿ ಬರೀ ಸ್ಟಿಕ್ಕು.

ಅನುಮಾನವಿದ್ದರೆ ಮಗನ ಸ್ಕೇಲು ತೆಗೆದುಕೊಳ್ಳಿ. ಕೊನೆಯ ಅಂಚಿನಿಂದ 30 ಅಂತ ಬರೆದಿರುವ ಕಡೆಗೆ ಅಳೆದು ನೋಡಿ. 5 ಇಂಚಿಗೆ ಕೂದಲೆಳೆಯಷ್ಟು ಕಡಿಮೆ, ಅಂದರೆ 12.6 ಸೆಂಟಿಮೀಟರಿನ ಹತ್ತಿರ ಬರಬೇಕು. ಅದು ಅಚ್ಚಿನವರ ಎಮ್ ಲೆಕ್ಕ. 12 ಪಾಯಿಂಟಿಗೆ (ಅಕ್ಷರದ ಗಾತ್ರ ಅಳೆಯುವ ಸಣ್ಣ ಮಾನ) ಒಂದು ಎಮ್, ಹೆಚ್ಚುಕಡಿಮೆ 6 ಎಮ್ಮಿಗೆ ಒಂದು ಇಂಚು. ಅಚ್ಚಿನ ಮನೆ ಬಿಟ್ಟರೆ ಈ ಅಳತೆ ಇನ್ನಾರಿಗೂ ಬೇಕಾಗಿಲ್ಲ. ಅಕ್ಕಸಾಲಿಗರಿಗಂತೂ ಖಂಡಿತ ಬೇಡ. ವರ್ನಿಯರ್‌ನಲ್ಲಿ ಒಂದರ ಪಕ್ಕ ಒಂದು ಜಾರುವ ಎರಡು ಸ್ಕೇಲು ಇರುತ್ತವೆ, ನಿಮ್ಮದರಲ್ಲಿ ಇರುವುದು ಒಂದೇ.

ಇದನ್ನು ಎಡಗೈಯಲ್ಲಿ ಹಿಡಿಯುತ್ತಿದ್ದರು. ಬಲಗೈ ಮುಂದಿರುವ ಕೇಸಿನ, ಅಂದರೆ ಮೊಳೆ ತುಂಬಿಡುವ ಮರದ ಟ್ರೇಯ, ಖಾನೆಗಳಿಂದ ಒಂದೊಂದೇ ಸೀಸದ ಮೊಳೆ ಹೆಕ್ಕಿ ಇದರೊಳಗೆ ನಿಲ್ಲಿಸುತ್ತಿತ್ತು. ಎಡಗೈ ಹೆಬ್ಬೆರಳು ಕೊನೆಯ ಮೊಳೆಯನ್ನು ಒತ್ತಿ ಹಿಡಿದಿರುತ್ತಿತ್ತು, ಇಲ್ಲದಿದ್ದರೆ ಸಾಲು ಬಿದ್ದುಹೋಗುತ್ತದೆ. ಮೊಳೆಯ ಮೈಯಲ್ಲಿ ಸಣ್ಣ ಕಚ್ಚು ಇರುತ್ತದೆ. ಬೆರಳಿಗೆ ಆ ಕಚ್ಚು ಸಿಕ್ಕರೆ ಸಾಕು, ಅಕ್ಷರ ಸರಿಯಾಗಿ ನಿಂತಿದೆಯೋ ಇಲ್ಲವೋ ನೋಡದೆಯೇ ತಿಳಿಯುತ್ತದೆ. ಮೊಳೆಗಳನ್ನು ಎಡದಿಂದ ಬಲಕ್ಕೇ ಜೋಡಿಸುವುದು, ಆದರೆ ಅಕ್ಷರ ತಲೆಕೆಳಗು, ಜೊತೆಗೆ ಕನ್ನಡಿಯಲ್ಲಿ ಕಂಡ ಹಾಗೆ ತಿರುಗುಮುರುಗು. ದಿನವಿಡೀ ಹಾಗೇ ಓದಿದವರಿಗೆ ತಲೆಕೆಳಗಾದ ಪೇಪರು ಯಾವ ಲೆಕ್ಕ!

ಆ ಹಿತ್ತಾಳೆ ಪಟ್ಟಿಯನ್ನು ದಯವಿಟ್ಟು ಎಸೆಯಬೇಡಿ. ಅದು ಸೆಟ್ಟಿಂಗ್ ರೂಲ್. ಒಂದು ಸಾಲು ಮುಗಿದ ಮೇಲೆ ಮೂಗು ಹಿಡಿದು ಅದನ್ನೆಳೆದು ಆ ಸಾಲಿನ ಮುಂದಿಟ್ಟರೆ ಮುಂದಿನ ಸಾಲಿನ ಮೊಳೆಗಳು ತಡೆಯಿಲ್ಲದೆ ಜಾರುತ್ತವೆ. ಸ್ಟಿಕ್ಕು ತುಂಬಿದ ಮೇಲೆ ಸಾಲುಗಳನ್ನು ಹಾಗೇ ಎತ್ತಿ ಗ್ಯಾಲಿ ಎಂಬ ಉದ್ದನೆಯ ತಟ್ಟೆಗೆ ಇಳಿಸಿ, ದಾರ ಸುತ್ತಿ, ತಪ್ಪು ನೋಡಲು ಪ್ರೂಫ್ ತೆಗೆಯುತ್ತಿದ್ದರು. ಅಚ್ಚಾದ ಮೇಲೆ ಪ್ರತಿ ಮೊಳೆಯೂ ವಾಪಸ್ ತನ್ನ ಖಾನೆಗೆ ಹೋಗಬೇಕು. ಇಂಗ್ಲಿಷಿಗೆ ಎರಡು ಕೇಸು ಸಾಕು. ಕನ್ನಡಕ್ಕೆ ಗುಣಿತ, ಒತ್ತು ಎಲ್ಲ ಸೇರಿ ಖಾನೆಗಳು ತುಂಬ ಜಾಸ್ತಿ. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' 1843ರಲ್ಲಿ ಶುರುವಾದಾಗ ಕಲ್ಲಚ್ಚಿನಲ್ಲಿ (ಕಲ್ಲಿನ ಮೇಲೆ ಬರೆದು ಅಚ್ಚು ಹಾಕುವುದು) ಬಂತು, ಈ ಮೊಳೆಗಳ ಸಹವಾಸವೇ ಇಲ್ಲದೆ.

ಇನ್ನು ಆ ಎರಡು ಇಂಚು. ನನಗೆ ಎಲ್ಲಕ್ಕಿಂತ ಇಷ್ಟವಾಗಿದ್ದು ಇದೇ. ಜಾರುವ ತುಂಡು ನಿಂತಿರುವುದು 12 ಎಮ್ಮಿಗೆ. ಡೆಮಿ 1/8, ಅಂದರೆ ಸಾಧಾರಣ ಕಥೆ ಪುಸ್ತಕದ ಅಳತೆಯ, ಪುಸ್ತಕದ ಸಾಲಾಗಿದ್ದರೆ ಹೆಚ್ಚುಕಡಿಮೆ ಅದರ ಎರಡರಷ್ಟು ಅಗಲ ಬೇಕು. ಮದುವೆ ಕಾಗದಕ್ಕೂ ಇಷ್ಟು ಕಿರಿದಾದ ಸಾಲು ಹೊಂದುವುದಿಲ್ಲ. ಎರಡು ಇಂಚು ಅಂದರೆ ಪತ್ರಿಕೆಯ ಕಾಲಮ್ಮು. ಈಗ ಹಿತ್ತಾಳೆ ಪಟ್ಟಿಯನ್ನೂ ಅಳೆಯಿರಿ. ರೂಲನ್ನು ಸಾಲಿನ ಅಗಲಕ್ಕೇ ಕತ್ತರಿಸಿಟ್ಟುಕೊಳ್ಳುತ್ತಿದ್ದರು. ಅದೂ ಎರಡು ಇಂಚಿದ್ದರೆ, ದೊಡ್ಡಪ್ಪ ಯಾವತ್ತೋ ಒಂದು ದಿನ ಕಾಲಮ್ಮು ಕಟ್ಟಿದವರಲ್ಲ, ಅದೇ ಅವರ ದಿನದ ಕೆಲಸ ಎಂದು ಧೈರ್ಯವಾಗಿ ಹೇಳಬಹುದು.

12 ಎಮ್ ಕನ್ನಡಕ್ಕೆ ಬಲು ಇಕ್ಕಟ್ಟು. ನಮ್ಮ ಪದಗಳು ಉದ್ದ, ಸಾಲಿಗೆ ಮೂರು ಹಿಡಿದರೆ ಪುಣ್ಯ. ಸಾಲಂತೂ ಎರಡೂ ಕಡೆ ಬಿಗಿಯಾಗಿ ಕೂರಲೇಬೇಕು, ಸಡಿಲವಾದರೆ ಅಚ್ಚಾಗುವಾಗ ಮೊಳೆ ಮೇಲೆದ್ದು ಬರುತ್ತದೆ. ಪದವನ್ನು ಎಲ್ಲಿ ಮುರಿಯಬೇಕು, ಎಲ್ಲಿ ತೆಳ್ಳನೆ ಸ್ಪೇಸ್ ತೂರಿಸಬೇಕು ಎಂದು ಕಂಪೋಸಿಟರ್ ನಿಂತಲ್ಲೇ ತೀರ್ಮಾನ ಮಾಡುತ್ತಿದ್ದ. ಈಗ ಇದನ್ನೆಲ್ಲ ಕಂಪ್ಯೂಟರ್ ಮಾಡುತ್ತದೆ, ನಮ್ಮ ಪತ್ರಿಕೆಯಲ್ಲೂ ಅಷ್ಟೆ. ಪದವನ್ನು ಅದು ಮುರಿಯುವ ಚೆಂದ ನೀವೇ ನೋಡಿರುತ್ತೀರಿ, ಅಲ್ವಾ?

ತೊಳೆಯುವ ವಿಷಯ. ನೀರು ಬೇಡ. ಹುಣಸೆಹಣ್ಣು, ನಿಂಬೆ ಹಿತ್ತಾಳೆಗೆ ಸರಿ, ಉಕ್ಕಿಗೆ ತುಕ್ಕು ಇನ್ನೂ ಜಾಸ್ತಿ. ಉಪ್ಪುಕಾಗದ ಹಾಕಿದರೆ ಗೆರೆಗಳೇ ಅಳಿಸಿಹೋಗುತ್ತವೆ. ಹೊಲಿಗೆ ಮೆಷಿನ್ನಿನ ಎಣ್ಣೆ ನಾಲ್ಕು ತೊಟ್ಟು ಬಿಟ್ಟು, ಒಂದು ರಾತ್ರಿ ಹಾಗೇ ಇಟ್ಟು, ಹಳೇ ಬನಿಯನ್ನಿನಿಂದ ಒರೆಸಿ. ಹಿಡಿ ಬಿಡಿಸುವ ಮುಂಚೆ ಒಂದು ಫೋಟೊ ತೆಗೆದುಕೊಳ್ಳಿ, ಆ 12 ಎಮ್ ಒಮ್ಮೆ ಕದಲಿದರೆ ಹೋಯಿತು. ಸುತ್ತಿಗೆಯಂತೂ ಬೇಡವೇ ಬೇಡ. ಮೂಲೆಯಲ್ಲಿ ಕೂತಿರುವ ಬೂದು ಪುಡಿಯಲ್ಲಿ ಸೀಸ ಇರಬಹುದು. ಮಕ್ಕಳ ಕೈಗೆ ಕೊಡಬೇಡಿ, ಒರೆಸಿದ ಬಟ್ಟೆಯನ್ನು ಎಸೆದುಬಿಡಿ.

ಬೆಲೆ? ಗುಜರಿಯವನು ತೂಕಕ್ಕೆ ಹಾಕಿ ಕೈಗೆ ಚಿಲ್ಲರೆ ಕೊಡುತ್ತಾನೆ. ನನ್ನನ್ನು ಕೇಳಿದರೆ ಮಾರಬೇಡಿ. ಮನೆಯಲ್ಲಿ ಯಾರಿಗೂ ಬೇಡವಾದರೆ ಅಚ್ಚಿನ ಕೆಲಸ ಕಲಿಸುವ ಯಾವುದಾದರೂ ಕಾಲೇಜಿಗೆ ಕೊಡಿ, ಹುಡುಗರು ಕೈಯಲ್ಲಿ ಹಿಡಿದು ನೋಡಲಿ.

ಹಾಗೇ ಆ ಟ್ರಂಕಿನ ತಳವನ್ನೂ ಇನ್ನೊಮ್ಮೆ ತಡಕಿ. ಒಂದು ಇಂಚಿಗೆ ಸ್ವಲ್ಪ ಕಡಿಮೆ ಎತ್ತರದ, ಬೂದು ಬಣ್ಣದ ಸಣ್ಣ ಕಡ್ಡಿಗಳು ಸಿಕ್ಕರೆ, ಅವಕ್ಕೆ ಅಯಸ್ಕಾಂತ ಅಂಟದಿದ್ದರೆ, ಅವೇ ಮೊಳೆಗಳು. ಸ್ಟ್ಯಾಂಪ್ ಪ್ಯಾಡಿಗೆ ಒತ್ತಿ ಕಾಗದದ ಮೇಲಿಟ್ಟು ಯಾವ ಅಕ್ಷರ ಅಂತ ನಮಗೂ ಬರೆಯಿರಿ. ಆಮೇಲೆ ಸೋಪು ಹಾಕಿ ಕೈ ತೊಳೆದುಕೊಳ್ಳಿ.