ಭಾನುವಾರ ಔಟಾದವನು

ಆಟಗಾರರ ಮನಸ್ಸಿನ ತೊಂದರೆಗಳಿಗೆ ಸಲಹೆ ಕೊಡುವ ನನಗೆ, ಮೇ ತಿಂಗಳು ಬಂತೆಂದರೆ ಇಂಗ್ಲೆಂಡಿಗೆ ಕ್ರಿಕೆಟ್ ಆಡಲು ಹೋಗಿ ಕುಗ್ಗಿದ ಹುಡುಗನಿಂದ ಒಂದಾದರೂ ಕರೆ ಬರುತ್ತದೆ. ಅದಕ್ಕೇ ಈ ಪ್ರಕರಣವನ್ನು, ಗುರುತು ಸಿಗದಂತೆ ವಿವರ ಬದಲಿಸಿ, ಬರೆಯುತ್ತಿದ್ದೇನೆ.

ಹುಡುಗನಿಗೆ 22. ಬೆಂಗಳೂರಿನ ಲೀಗ್‌ನಲ್ಲಿ ಹೆಸರು ಮಾಡಿದ ಆಲ್‌ರೌಂಡರ್. ಲೆಗ್ ಸ್ಪಿನ್, ಮಧ್ಯಮ ಕ್ರಮಾಂಕದ ಬ್ಯಾಟಿಂಗ್. ಲ್ಯಾಂಕಷೈರಿನ ಕ್ಲಬ್ಬೊಂದು ಅವನನ್ನು ಆ ಋತುವಿಗೆ 'ಪ್ರೊ' ಆಗಿ, ಅಂದರೆ ಹಣ ಪಡೆದು ಆಡುವ ವೃತ್ತಿಪರನಾಗಿ, ಕರೆಸಿಕೊಂಡಿತ್ತು. ಐದು ಭಾನುವಾರ ಕಳೆದಿತ್ತು. ಅವನ ರನ್: 4, 11, 0, 23, ಮಳೆ. ನಿದ್ದೆಯಿಲ್ಲ, ಊಟ ಸೇರುತ್ತಿಲ್ಲ. ಹೊಟ್ಟೆನೋವೆಂದು ಹೇಳಿ ನೆಟ್ಸ್ ತಪ್ಪಿಸಿದ್ದ.

ಅಲ್ಲಿನ ಲೀಗ್‌ನಲ್ಲಿ ತಂಡಕ್ಕೆ ಒಬ್ಬನೇ ಪ್ರೊ. ಉಳಿದವರು ವಾರವಿಡೀ ಮೇಷ್ಟ್ರು, ಎಲೆಕ್ಟ್ರಿಷಿಯನ್, ಗುಮಾಸ್ತ. ಪ್ರೊ 50 ಹೊಡೆದರೆ ಮೈದಾನದ ಸುತ್ತ ಡಬ್ಬಿ ಹಿಡಿದು ಅವನಿಗಾಗಿ ಹಣ ಎತ್ತುವ ಹಳೆಯ ಪದ್ಧತಿಯಿದೆ. ಇವನ ಹೆಸರಿನಲ್ಲಿ ಡಬ್ಬಿ ಇನ್ನೂ ಹೊರಟಿರಲಿಲ್ಲ.

ಫೋನಿನಲ್ಲಿ ನಡೆದ ಮೊದಲ ಎರಡು ಭೇಟಿ ಬ್ಯಾಟಿಂಗ್ ತಪ್ಪುಗಳ ಮಾತಿನಲ್ಲೇ ಮುಗಿದವು. ಮೂರನೆಯದರಲ್ಲಿ, "ಸೋಮವಾರ ಏನು ಮಾಡ್ತೀಯ?" ಎಂದು ಕೇಳಿದೆ. ಬಹಳ ಹೊತ್ತು ಸುಮ್ಮನಿದ್ದು ಹೇಳಿದ: "ಏನೂ ಇಲ್ಲ ಮೇಡಂ. ಇಲ್ಲಿ ಭಾನುವಾರ ಔಟಾದ್ರೆ ಮುಂದಿನ ಭಾನುವಾರದವರೆಗೂ ಔಟಾಗೇ ಇರ್ತೀನಿ."

ಕಾಯಿಲೆಯ ಬೇರು ಅಲ್ಲಿತ್ತು. ಬೆಂಗಳೂರಿನಲ್ಲಿ ಬೆಳಿಗ್ಗೆ ಸೊನ್ನೆಗೆ ಔಟಾದವನು ಸಂಜೆ ನೆಟ್ಸ್‌ಗೆ ಹೋಗುತ್ತಾನೆ, ಎರಡು ದಿನದಲ್ಲಿ ಇನ್ನೊಂದು ಪಂದ್ಯ. ಅಲ್ಲಿ ವಾರಕ್ಕೆ ಒಂದೇ ಇನ್ನಿಂಗ್ಸ್. ಮಳೆ ಬಂದರೆ ಹದಿನಾಲ್ಕು ದಿನಕ್ಕೊಂದು. ಅದೇ ಕೆಟ್ಟ ಡ್ರೈವ್ ಖಾಲಿ ಕೋಣೆಯಲ್ಲಿ ನೂರು ಸಲ ಮರುಕಳಿಸುತ್ತದೆ. ಜೊತೆಗೆ ಅಪ್ಪ. ಅಲ್ಲಿ ಮಧ್ಯಾಹ್ನ 1ಕ್ಕೆ ಶುರುವಾಗುವ ಪಂದ್ಯ ನಮ್ಮಲ್ಲಿ ಸಂಜೆ 5:30ಕ್ಕೆ. ಅವರು ಮೊಬೈಲ್ ಹಿಡಿದು ನಡುರಾತ್ರಿಯವರೆಗೆ ಒಂದೊಂದೇ ಬಾಲ್ ನೋಡುತ್ತಿದ್ದರು. ಪಂದ್ಯ ಮುಗಿದ ಕೂಡಲೇ ಫೋನ್: "ಆ ಬಾಲಿಗೆ ಯಾಕೋ ಕೈ ಹಾಕಿದೆ?" ಆಮೇಲೆ ಕುಂಬ್ಳೆಯ ಉದಾಹರಣೆ. 1995ರಲ್ಲಿ ಕುಂಬ್ಳೆ ನಾರ್ಥಾಂಪ್ಟನ್‌ಶೈರ್ ಪರ ಇಂಗ್ಲೆಂಡಿನ ದೇಶೀಯ ಪಂದ್ಯಾವಳಿಯಾದ ಕೌಂಟಿ ಚಾಂಪಿಯನ್‌ಶಿಪ್‌ನಲ್ಲಿ 105 ವಿಕೆಟ್ ತೆಗೆದದ್ದು ನಿಜ. ಆದರೆ ಅವರು 1990ರಲ್ಲೇ ಟೆಸ್ಟ್ ಆಡಿ ಪಳಗಿದ್ದವರು. ಕೌಂಟಿಯಲ್ಲಿ ಹನ್ನೊಂದೂ ಮಂದಿ ವೃತ್ತಿಪರರು, ಬೌಲ್ ಮಾಡಲು ದಿನಗಟ್ಟಲೆ ಅವಕಾಶ. ಒಂಟಿ ಪ್ರೊಗೆ ಆ ಹೋಲಿಕೆ ಹೊಂದುವುದಿಲ್ಲ.

ಸಲಹೆಯೆಲ್ಲ ವಾರವನ್ನು ತುಂಬಿಸುವುದರ ಬಗ್ಗೆ. ಭಾನುವಾರ ರಾತ್ರಿ ನೋಟ್‌ಬುಕ್ಕಿನಲ್ಲಿ ಮೂರೇ ಸಾಲು: ಯಾವ ಬಾಲ್, ಯಾವ ಹೊಡೆತ, ಮುಂದಿನ ಸಲ ಏನು. ಬರೆದು ಮುಚ್ಚಿಡುವುದು. ಸೋಮವಾರ ಬೆಳಿಗ್ಗೆ ಮೈದಾನ ನೋಡಿಕೊಳ್ಳುವವರ ಜೊತೆ ಪಿಚ್ ರಿಪೇರಿ, ರೋಲರ್. ತೇವದ ಪಿಚ್ಚಿನಲ್ಲಿ ಬಾಲ್ ನಿಂತು ಬರುವುದೇಕೆಂದು ಕೈ ಮುಟ್ಟಿ ನೋಡಿದವನಿಗೆ, ಪುಟಿದೇಳುವ ಬಾಲನ್ನು ಮುಂದಕ್ಕೆ ಚಾಚಿ ಡ್ರೈವ್ ಮಾಡಿದರೆ ಕವರ್‌ನಲ್ಲಿ ಕ್ಯಾಚ್ ಯಾಕೆ ಹೋಗುತ್ತದೆಂದು ಬೇರೆ ಹೇಳಬೇಕಿಲ್ಲ. ಮಂಗಳವಾರ, ಗುರುವಾರ ನೆಟ್ಸ್‌ನಲ್ಲಿ ಮೊದಲ 30 ಬಾಲ್ ಕಣ್ಣಿನ ಕೆಳಗೇ, ತಡವಾಗಿ ಆಡುವುದು. ಬುಧವಾರ ಅನ್ನ-ಸಾರು ಮಾಡಿ ತಂಡದ ಒಬ್ಬನನ್ನಾದರೂ ಊಟಕ್ಕೆ ಕರೆಯುವುದು. ಶುಕ್ರವಾರ ಮಕ್ಕಳ ಕೋಚಿಂಗ್. ಕಿಟಕಿಗೆ ದಪ್ಪ ಪರದೆ, ಏಕೆಂದರೆ ಅಲ್ಲಿ ಮೇ ಕೊನೆಗೆ ರಾತ್ರಿ 9:30ಕ್ಕೂ ಬೆಳಕಿರುತ್ತದೆ, ಬೆಳಿಗ್ಗೆ 5ಕ್ಕೆ ಮತ್ತೆ ಬೆಳಗಾಗಿರುತ್ತದೆ.

ಅಪ್ಪನ ಜೊತೆ ಪ್ರತ್ಯೇಕವಾಗಿ ಮಾತಾಡಿದೆ. "ಅಲ್ಲಿ ಅವನಿಗೆ ಯಾರೂ ಇಲ್ಲ, ನಾನೂ ನೋಡದಿದ್ರೆ ಹೇಗೆ?" ಅಂದರು. ಆ ಪ್ರೀತಿಯನ್ನು ಬೈಯಲು ನನಗೆ ಮನಸ್ಸಾಗಲಿಲ್ಲ. ಸ್ಕೋರನ್ನು ಮರುದಿನ ಬೆಳಗಿನ ಕಾಫಿ ಜೊತೆ ನೋಡಿ, ಭಾನುವಾರ ಫೋನ್ ಬೇಡ, ಸೋಮವಾರ ಸಂಜೆ 6:30ಕ್ಕೆ ಮಾಡಿ, ಮೊದಲು ಅಮ್ಮ ಮಾತಾಡಲಿ ಎಂದೆ.

ಅವನನ್ನು ವಾಪಸ್ ಕರೆಸಿಕೊಳ್ಳಬೇಕಿತ್ತು ಎಂದವರಿದ್ದಾರೆ. ಬದುಕು ಬೇಡ ಅನ್ನಿಸುತ್ತಿದೆಯೇ ಎಂದು ಮೊದಲ ಭೇಟಿಯಲ್ಲೇ ನೇರವಾಗಿ ಕೇಳಿದ್ದೆ; ಇಲ್ಲ ಅಂದಿದ್ದ. ಆದರೂ ಗೆರೆ ಎಳೆದಿದ್ದೆವು: ಅಂಥ ಯೋಚನೆ ಬಂದರೆ ಅದೇ ದಿನ, ವಾರವಿಡೀ ನಾಲ್ಕು ಗಂಟೆಯೂ ನಿದ್ದೆ ಬರದಿದ್ದರೆ ವಾರದ ಕೊನೆಗೆ, ಅಲ್ಲಿನ ವೈದ್ಯರ ಬಳಿ ಹೋಗಬೇಕು. ಊರಿನ ಟಿಕೆಟ್ಟಿನ ಮಾತು ಆಮೇಲೆ. ಆ ಗೆರೆ ದಾಟದವನನ್ನು ಕರೆಸಿಕೊಂಡಿದ್ದರೆ ಐದು ಭಾನುವಾರಗಳೇ ಅವನ ಪಾಲಿಗೆ ಇಡೀ ಇಂಗ್ಲೆಂಡ್ ಆಗಿಬಿಡುತ್ತಿದ್ದವು.

ಮುಂದಿನ ಭಾನುವಾರ 17 ಹೊಡೆದ. ಸೋಮವಾರ ಬೆಳಿಗ್ಗೆ ರೋಲರ್ ಎಳೆಯಲು ಹೋಗಿದ್ದ.

ಮಕ್ಕಳನ್ನು ಕಳಿಸುವವರಿಗೆ: ಬಿಸಿಸಿಐ ಅನುಮತಿ ಪತ್ರ, ಸರಿಯಾದ ವೀಸಾ, ಗಾಯಕ್ಕೆ ವಿಮೆ ಇವನ್ನು ಎಲ್ಲರೂ ಕೇಳುತ್ತಾರೆ. ಸೋಮವಾರದಿಂದ ಶನಿವಾರದವರೆಗೆ ಹುಡುಗನಿಗೆ ಏನು ಕೆಲಸ ಕೊಡುತ್ತೀರಿ, ಯಾರ ಮನೆಯಲ್ಲಿ ಇರುತ್ತಾನೆ ಎಂದೂ ಕ್ಲಬ್ಬನ್ನು ಸಹಿಗೆ ಮೊದಲೇ ಬರವಣಿಗೆಯಲ್ಲಿ ಕೇಳಿ. ಒಬ್ಬನಿಗೇ ಫ್ಲಾಟ್ ಕೊಡುತ್ತೇವೆ ಎಂದರೆ ಬೇಡವೆನ್ನಿ. ತಂಡದ ಯಾರದಾದರೂ ಮನೆಯಲ್ಲಿ ಒಂದು ಕೋಣೆ ಕೇಳಿ.